ಕ್ಯಾನಿನಲ್ಲಿ ಹೋದ ತುಂಡು

ನಮ್ಮಪ್ಪನಿಗೆ ಮುಚ್ಚಿದ ಡಬ್ಬಿ ಕಂಡರೆ ತಡೆಯುವುದಿಲ್ಲ, ತೆಗೆದು ನೋಡಲೇಬೇಕು. ಅವನ ಕಸುಬು ಹಚ್ಚಿದ ಚಟ ಅದು. ದುದ್ದದ ಸುತ್ತಮುತ್ತ ಯಾರ ಮನೆಯ ಹಸು ಬೆದೆಗೆ ಬಂದರೂ ಫೋನು ಬರುವುದು ಅವನಿಗೇ. ಇಂಜೆಕ್ಷನ್ ಪುಟ್ಟಸ್ವಾಮಿ ಎಂದರೆ ಸಾಲಗಾಮೆಯ ತನಕ ಗೊತ್ತು. ಹೋರಿಯ ವೀರ್ಯ ತುಂಬಿದ ಸಣ್ಣ ಕಡ್ಡಿಗಳನ್ನು ಹಿಮಕ್ಕಿಂತ ತಣ್ಣನೆಯ ದ್ರವ ನೈಟ್ರೋಜನ್ ಕ್ಯಾನಿನಲ್ಲಿ ಮುಳುಗಿಸಿಟ್ಟು, ಆ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಾನೆ. ಹೊರಡುವ ಮುನ್ನ ಮುಚ್ಚಳ ತೆಗೆದು, ಒಳಗೊಂದು ಕೋಲು ಅದ್ದಿ, ಎಲ್ಲಿಯ ತನಕ ಹಿಮ ಹಿಡಿದಿದೆ ಎಂದು ನೋಡದೆ ಅವನು ಮನೆ ಬಿಟ್ಟದ್ದನ್ನು ನಾನು ಕಂಡಿಲ್ಲ. ನೈಟ್ರೋಜನ್ ಇಳಿದರೆ ಕಡ್ಡಿಯೊಳಗಿನ ಜೀವ ಹೋಯಿತು ಎಂದೇ ಲೆಕ್ಕ. ಅದನ್ನು ಕಾಯುವುದರಲ್ಲೇ ಅವನ ತಲೆ ಬೆಳ್ಳಗಾಗಿದೆ.

ಅವ್ವ, ಅಂದರೆ ಜಯಲಕ್ಷ್ಮಮ್ಮ, ಆ ಕ್ಯಾನನ್ನು ಸವತಿ ಎನ್ನುತ್ತಿದ್ದಳು. "ನಂಗ್ ಜ್ವರ ಬಂದ್ರೆ ಮುಟ್ಟಿ ನೋಡಕಿಲ್ಲ. ಅದ್ನ ಮಾತ್ರ ಒತ್ತೊತ್ತಿಗೂ ನೋಡ್ಬೇಕು ನಿಮ್ಮಪ್ಪಂಗೆ."

ಕಳೆದ ವರ್ಷ ಬಂದದ್ದು ಜ್ವರವಲ್ಲ, ಕರುಳಿನ ಕ್ಯಾನ್ಸರು. ಗೊತ್ತಾಗುವ ಹೊತ್ತಿಗೆ ಲಿವರಿಗೂ ಹಬ್ಬಿತ್ತು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಪಾಠ ಮಾಡುವ ನಾನು ರಜೆ ಹಾಕಿ ಹಾಸನದ ಆಸ್ಪತ್ರೆಯಲ್ಲಿ ಅವಳ ಜೊತೆ ಕೂತೆ. ಮೊದಲ ಸುತ್ತಿನ ಕೀಮೋ ಅವಳನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ಬಾಯೆಲ್ಲ ಹುಣ್ಣು, ಎರಡು ತುತ್ತು ಮೊಸರನ್ನ ಇಳಿಯದು, ಎದ್ದರೆ ಕೂದಲು ದಿಂಬಿನ ಮೇಲೆ. ಇಷ್ಟೆಲ್ಲ ಆದ ಮೇಲೆ ಸ್ಕ್ಯಾನಿನಲ್ಲಿ ನೋಡಿದರೆ ಗಡ್ಡೆಗಳು ಮೊದಲಿಗಿಂತ ದೊಡ್ಡವಾಗಿದ್ದವು. ಆ ಔಷಧಿ ಅವ್ವನನ್ನು ಬಿಟ್ಟು ಬೇರೆ ಏನನ್ನೂ ಮುಟ್ಟಿರಲಿಲ್ಲ. ಯಾರ ಮೇಲೆ ರೇಗಬೇಕೋ ತಿಳಿಯದೆ ನಾನು ಕ್ಯಾಂಟೀನಿನವನ ಮೇಲೆ ಕಾಫಿ ತಣ್ಣಗಿದೆ ಎಂದು ರೇಗಾಡಿ ಬಂದೆ.

"ಸಾಕು ಕಣೆ ಅನು. ಇನ್ನ ನಂಗ್ಯಾವ್ ಔಷ್ದಿನೂ ಬ್ಯಾಡ," ಎಂದುಬಿಟ್ಟಳು ಅವ್ವ.

ಅವಳ ಮನಸ್ಸು ತಿರುಗಿಸಿದ್ದು ಡಾಕ್ಟರ್ ಮೇಘಶ್ರೀ. ಅವರು ಮುಚ್ಚುಮರೆಯಿಲ್ಲದೆ ಮಾತಾಡುವ ಹೆಂಗಸು. ಉಳಿದಿರುವುದು ಎರಡು ಔಷಧಿ, ಅವ್ವನ ದೇಹ ತಡೆಯುವುದು ಅದರಲ್ಲಿ ಒಂದನ್ನು ಮಾತ್ರ ಎಂದರು. "ಯಾವುದು ಅಂತ ಸುಮ್ನೆ ಊಹೆ ಮಾಡೋ ಬದಲು ಒಂದು ದಾರಿ ಇದೆ. ಕರುಳು ಕಟ್ಟಿಕೊಂಡಿರೋದಕ್ಕೆ ಹೇಗೂ ಆಪರೇಷನ್ ಮಾಡ್ತೀವಿ. ಆಗ ಗಡ್ಡೆಯ ಒಂದು ತುಂಡು ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸ್ತೀವಿ. ಅಲ್ಲಿ ಅದನ್ನ ಜೀವಂತ ಬೆಳೆಸ್ತಾರೆ. ಸಾಸಿವೆಗಿಂತ ಸಣ್ಣ ಸಣ್ಣ ಉಂಡೆಗಳು. ಆರ್ಗನಾಯ್ಡ್ ಅಂತಾರೆ. ಕೆಲವಕ್ಕೆ ಈ ಔಷಧಿ ಹಾಕ್ತಾರೆ, ಕೆಲವಕ್ಕೆ ಆ ಔಷಧಿ. ಯಾವುದಕ್ಕೆ ಸಾಯ್ತವೋ ಅದನ್ನ ನಿಮಗೆ ಕೊಡೋದು. ಇದಿನ್ನೂ ಸಂಶೋಧನೆ, ಗ್ಯಾರಂಟಿ ಕೊಡಲ್ಲ. ಆದ್ರೆ ಕತ್ತಲಲ್ಲಿ ತಡಕಾಡೋದು ತಪ್ಪುತ್ತೆ."

ನಾನಿನ್ನೂ ಪ್ರಶ್ನೆ ಹುಡುಕುತ್ತಿದ್ದೆ, ಸಸಿಮಡಿ ಮಾಡಿ ಗೊತ್ತಿದ್ದ ಅವ್ವನಿಗೆ ಆಗಲೇ ಅರ್ಥವಾಗಿತ್ತು. "ರಾಗಿ ಒಟ್ಲು ಹಾಕ್ದಂಗೆ ಅನ್ನಿ. ಪೈರು ಬರ್ಲಿ, ಔಷ್ದಿ ಏನಿದ್ರೂ ಮೊದ್ಲು ಅದ್ರ ಮ್ಯಾಲೆ ಒಡೀರಿ. ನನ್ನ ಮ್ಯಾಲೆ ಒಡ್ದು ನೋಡಿದ್ದು ಸಾಕು." ಆಮೇಲೆ, "ಅದು ಏಳಿದ್ ಔಷ್ದಿ ಆದ್ರೆ ಇನ್ನೊಂದ್ ಸಲ ತಡ್ಕತೀನಿ," ಎಂದಳು.

ಆಪರೇಷನ್ ಬೆಳಿಗ್ಗೆ ಮುಗಿಯಿತು. ತುಂಡನ್ನು ಒಯ್ಯಲು ಬರುತ್ತಿದ್ದ ಲ್ಯಾಬಿನ ವ್ಯಾನು ಚನ್ನರಾಯಪಟ್ಟಣದ ಆಚೆ ಕೆಟ್ಟು ನಿಂತಿತು. ಮನೆಯವರು ಯಾರಾದರೂ ಬಸ್ಸಿನಲ್ಲಿ ತಲುಪಿಸಬಹುದೇ ಎಂದು ಮೇಘಶ್ರೀ ಕೇಳಿದ್ದೇ ತಡ, ಅಪ್ಪ ಎದ್ದು ನಿಂತ. ಅವರು ಬಿಳಿ ಥರ್ಮಕೋಲ್ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಒಳಗೆ ಐಸ್ ಪ್ಯಾಕ್ ಇದೆ, ನಾಳೆ ಬೆಳಗಿನ ತನಕ ತಡೆಯುತ್ತದೆ, ಮುಚ್ಚಳ ತೆಗೆಯಬೇಡಿ ಎಂದರು.

"ಜೀವ ಇರೋ ಪದಾರ್ಥ ಸಾಗ್ಸೋದು ನಂಗ್ ಏಳ್ಕೊಡ್ಬೇಕಾ ಮೇಡಂ," ಎಂದು ನಕ್ಕ ಅಪ್ಪ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿದ್ದೆ. ಅಲ್ಲಿಯ ತನಕ ಆಸ್ಪತ್ರೆಯಲ್ಲಿ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ, ಗೋಡೆಗೊರಗಿ ನಿಲ್ಲುವುದೊಂದು ಬಿಟ್ಟು.

ಬಟ್ಟೆ ಬದಲಿಸಲು ದುದ್ದದ ಮನೆಗೆ ಹೋದ. ಹೊರಡುವ ಮುನ್ನ ಡಬ್ಬಿ ತೆಗೆದ. ತೆಗೆಯದೆ ಇರುತ್ತಾನೆಯೇ! ಐಸ್ ಪ್ಯಾಕುಗಳು ಬೆವರುತ್ತಿದ್ದವು. ತಿಳಿಗೆಂಪು ನೀರು ತುಂಬಿದ ಟ್ಯೂಬಿನಲ್ಲಿ ಕಡಲೆಕಾಳಿನಷ್ಟು ತುಂಡು. ಮುಟ್ಟಿ ನೋಡಿದ, ತಣ್ಣಗಿತ್ತು ಅಷ್ಟೆ. ಅವನ ಕಸುಬಿನಲ್ಲಿ ಬರೀ ತಣ್ಣಗಿರುವುದೆಂದರೆ ಕೆಟ್ಟಂತೆಯೇ. ಪಕ್ಕದಲ್ಲೇ ನೈಟ್ರೋಜನ್ ಕ್ಯಾನು ಇತ್ತು, ವರ್ಷಗಟ್ಟಲೆ ಇಟ್ಟರೂ ಜೀವ ಹಿಡಿದಿರುವ ಜಾಗ. ಅವನು ಹಿಂದೆಮುಂದೆ ನೋಡಲಿಲ್ಲ. ಟ್ಯೂಬನ್ನು ಅದರಲ್ಲಿ ಇಳಿಸಿ, ಮುಚ್ಚಳ ಹಾಕಿ, ಕ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು ಬೆಂಗಳೂರು ಬಸ್ಸಿನಲ್ಲಿ ಕೂತ. ಚನ್ನರಾಯಪಟ್ಟಣದ ಸ್ಟ್ಯಾಂಡಿನಿಂದ ನನಗೆ ಫೋನು ಮಾಡಿದ. "ಅವ್ವಂಗೆ ಏಳು ಮಗಾ, ಭದ್ರವಾಗಿ ಅದೆ ಅಂತ."

ಮುಂದಿನ ಫೋನು ಲ್ಯಾಬಿನಿಂದ ಬಂತು. ಕೀರ್ತಿರಾಜ್ ಎಂಬ ಹುಡುಗನ ದನಿ, ತೀರಾ ಮೆತ್ತಗೆ. "ಮೇಡಂ, ಸ್ಯಾಂಪಲ್ ಕಲ್ಲಾಗಿದೆ. ಯಾರು ಫ್ರೀಜ್ ಮಾಡಿದ್ದು?" ಹಿಂದಿನಿಂದ ಅಪ್ಪನ ದನಿ ಕೇಳಿಸುತ್ತಿತ್ತು. ಬಿಸಿನೀರಿಗೆ ಬಿಡಿ ಸಾ, ಎದ್ದೇಳ್ತದೆ ಸಾ, ನಾನು ದಿನಾ ಮಾಡೋ ಕೆಲ್ಸ ಇದು ಎಂದು ಒಂದೇ ಸಮನೆ ಹೇಳುತ್ತಿದ್ದ. ಕೀರ್ತಿರಾಜ್ ಅವನಿಗೆ ತಿಳಿಸಿ ಹೇಳಿದ. ಆ ಕಡ್ಡಿಗಳನ್ನು ಹೆಪ್ಪುಗಟ್ಟಿಸುವ ಮೊದಲು ಜೀವಕಣ ಒಡೆಯದಂತೆ ಅದಕ್ಕೊಂದು ದ್ರಾವಣ ಬೆರೆಸಿರುತ್ತಾರೆ, ಆಮೇಲೆ ಹದವಾಗಿ ತಣಿಸುತ್ತಾರೆ. ಈ ತುಂಡಿಗೆ ಅದ್ಯಾವುದೂ ಆಗಿಲ್ಲ. ಒಳಗಿನ ನೀರೆಲ್ಲ ಮಂಜುಗಡ್ಡೆಯಾಗಿ ಒಂದೊಂದು ಕಣವನ್ನೂ ಸೀಳಿಬಿಟ್ಟಿದೆ. ಆದರೂ ಪ್ರಯತ್ನ ಮಾಡುತ್ತೇವೆ ಎಂದ. ಎರಡು ದಿನ ನೋಡಿ, ಏನೂ ಉಳಿದಿಲ್ಲ ಎಂದು ತಿಳಿಸಿದ.

ಇನ್ನೊಂದು ತುಂಡು ತೆಗೆಯಿರಿ ಎಂದು ನಾನು ಮೇಘಶ್ರೀಯ ಮುಂದೆ ಹಟ ಹಿಡಿದೆ. ಅವರು ತಲೆಯಾಡಿಸಿದರು. ಆಪರೇಷನ್ ಆದ ಮೇಲೆ ಲಿವರು ಸೋತು ಅವ್ವನ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ, ಈಗ ಲಿವರಿಗೆ ಸೂಜಿ ಚುಚ್ಚಿದರೆ ಒಳಗೇ ರಕ್ತ ಸುರಿದು ಹೋಗಿಬಿಡಬಹುದು. ಕಾಯುವಂತೆಯೂ ಇರಲಿಲ್ಲ. ಎರಡರಲ್ಲಿ ಒಂದು ಔಷಧಿಯನ್ನು ಊಹೆಯ ಮೇಲೆಯೇ ಆರಿಸಿದರು.

ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಜನರ ನಡುವೆ, ಬಾಯಿಗೆ ಬಂದಂತೆ ಅಂದೆ. ಅವನು ಕ್ಯಾನನ್ನು ಅವುಚಿಕೊಂಡು ನಿಂತೇ ಇದ್ದ. ಕೊನೆಗೆ, "ಕೆಡಬಾರ್ದು ಅಂತಲೇ ಕಣವ್ವಾ ಇಟ್ಟಿದ್ದು," ಎಂದ. ಅದು ನನಗೂ ಗೊತ್ತಿತ್ತು. ಗೊತ್ತಿದ್ದಕ್ಕೇ ಸಿಟ್ಟು ಇಳಿಯಲಿಲ್ಲ.

ಅವ್ವನಿಗೆ ಹೇಳುವವರು ಯಾರು? ಊಹೆಯ ಔಷಧಿ ಎಂದು ಗೊತ್ತಾದರೆ ಕೈಯಿಂದ ಸೂಜಿ ಕಿತ್ತೆಸೆಯುತ್ತಾಳೆ. ಲ್ಯಾಬಿನಲ್ಲಿ ಇನ್ನೂ ಬೆಳೆಯುತ್ತಿದೆ, ಅಷ್ಟರ ತನಕ ಗಡ್ಡೆ ತಡೆದಿಡಲು ಇದನ್ನು ಕೊಡುತ್ತಿದ್ದಾರೆ, ಅದು ಹೇಳುವ ಔಷಧಿ ಆಮೇಲೆ ಎಂದು ನಾನೇ ಸುಳ್ಳು ಹೆಣೆದೆ. ಅವಳು ನಂಬಿದಳು. ಬಾಯಿಯ ಹುಣ್ಣುಗಳು ಮತ್ತೆ ಎದ್ದವು, ಕಾಲು ಊದಿತು, ಕಣ್ಣು ಅರಿಸಿನವಾಯಿತು. ನಡುನಡುವೆ, "ಒಟ್ಲು ಎದ್ದಿತಾ ಅನು? ಪೈರು ಎಂಗದೆ?" ಎಂದು ಕೇಳುವಳು. "ಚೆನ್ನಾಗಿದೆಯಂತೆ," ಎನ್ನುತ್ತಿದ್ದೆ. ಅಪ್ಪ ಆಗೆಲ್ಲ ಎದ್ದು ಹೊರಗೆ ಹೋಗುತ್ತಿದ್ದ.

ಎರಡನೆಯ ಸ್ಕ್ಯಾನಿನ ದಿನ ಬೆಳಿಗ್ಗೆ ಮೇಘಶ್ರೀ ನನ್ನನ್ನು ಕಾರಿಡಾರಿಗೆ ಕರೆದರು. ಈ ಔಷಧಿಗೂ ಗಡ್ಡೆ ಬಗ್ಗಿಲ್ಲ, ನಿಲ್ಲಿಸೋಣ, ಇನ್ನು ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಮಾತ್ರೆ ಕೊಡುತ್ತೇನೆ ಎಂದರು. ಇನ್ನೊಂದು ಔಷಧಿಯಾಗಿದ್ದರೆ ಎಂದು ಕೇಳಿದೆ. "ಗೊತ್ತಿಲ್ಲ ಅನುಶ್ರೀ. ಗೊತ್ತು ಮಾಡ್ಕೊಳ್ಳೋಕೆ ಇದ್ದದ್ದು ಆ ತುಂಡೊಂದೇ," ಎಂದು ನನ್ನ ಭುಜ ಮುಟ್ಟಿ ಹೋದರು.

ಅಪ್ಪ ಅವ್ವ ಇಬ್ಬರಿಗೂ ಹೇಗೆ ಹೇಳಲಿ ಎಂದು ಲೆಕ್ಕ ಹಾಕುತ್ತಾ ವಾರ್ಡಿನ ಬಾಗಿಲಿಗೆ ಬಂದೆ. ಒಳಗೆ ಅಪ್ಪ ಮಂಚದ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ತಡೆಯಲಾಗಿರಲಿಲ್ಲ, ಹೇಳಲು ಶುರು ಮಾಡಿದ್ದ.

"ಅದು ಬೆಳೀತಾ ಇಲ್ಲ ಜಯಾ. ನನ್ ಕೈಲೇ ಸತ್ತೋಯ್ತು. ಕ್ಯಾನ್‌ಗಾಕ್ದೆ. ಆವತ್ತೇ ಸತ್ತೋಯ್ತು."

ಅವ್ವ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಪೂರ್ತಿ ಸತ್ತೋಯ್ತಾ?"

"ಊಂ."

"ಒಂಚೂರೂ ಉಳೀಲಿಲ್ವಾ?"

"ಇಲ್ವಂತೆ."

ಅವ್ವ ಮೊಣಕೈ ಊರಿ ಏಳಲು ನೋಡಿದಳು. ಅಪ್ಪ ಬೆನ್ನಿಗೆ ಕೈ ಕೊಟ್ಟ. ಹಳದಿಗಟ್ಟಿದ ಆ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಬಾಗಿಲಿನಿಂದಲೇ ಕಂಡೆ.

"ಅಂಗಾದ್ರೆ ಅದೂ ಸಾಯ್ತದೆ ಅನ್ನಿ," ಎಂದಳು. "ನಾನು ಅದ್ಕೆ ಸಾವೇ ಇಲ್ಲ ಅನ್ಕಂಡಿದ್ದೆ. ಅಷ್ಟಷ್ಟು ಔಷ್ದಿ ಉಯ್ದ್ರೂ ಜಗ್ಗದೇ ಇದ್ದದ್ದು, ನಿಮ್ ಕೈಲಿ ಸತ್ತೋಯ್ತಾ? ಅಳ್ತೀರ್ಯಾಕೆ? ಆ ಗಂಜಿ ಕೊಡಿ ಇತ್ತ."

ಅಪ್ಪ ಚಮಚದಲ್ಲಿ ಕೊಟ್ಟ. ಹುಣ್ಣು ಉರಿಯುತ್ತಿದ್ದರೂ ಲೋಟದ ತಳ ಕಾಣುವ ತನಕ ಕುಡಿದಳು. ಬಾಯಿ ಒರೆಸಿಕೊಂಡು, ಬಾಗಿಲಿನಲ್ಲಿ ನಿಂತ ನನ್ನನ್ನು ನೋಡಿದಳು.

"ಅನು, ಮುಂದಿನ್ ಔಷ್ದಿ ಯಾವಾಗ ಆಕ್ತಾರಂತೆ? ಡಾಕ್ಟ್ರಮ್ಮನ್ನ ಕೇಳ್ಕಂಡ್ ಬಾ ಓಗು."

ಕೇಳಿಕೊಂಡು ಬರುತ್ತೇನೆ ಎಂದು ಹೊರಗೆ ಬಂದೆ.