ಸಿದ್ರಾಮನ ಬಲಗಾಲು

ಅಮರಪ್ಪನ ಎರಡು ಬೆರಳು ತಗಡು ಒತ್ತುವ ಪ್ರೆಸ್ ಮಿಷಿನ್ನಿಗೆ ಸಿಕ್ಕಿ ಹೋದ ಮರುದಿನ ಬೆಳಿಗ್ಗೆ ಮಿಷಿನ್ನಿಗೆ ಪೂಜೆಯಾಯಿತು. ಪೀಣ್ಯದ ಆ ಶೆಡ್ಡಿನ ಮಾಲೀಕ ಲಕ್ಷ್ಮಣಪ್ಪನವರು ತಾವೇ ಮುಂದೆ ನಿಂತು ಅದಕ್ಕೆ ವಿಭೂತಿ ಬಳಿಸಿದರು, ಚೆಂಡುಹೂವಿನ ಹಾರ ಹಾಕಿಸಿದರು, ಬೂದುಗುಂಬಳ ಒಡೆಸಿದರು. ರಕ್ತದ ರುಚಿ ಕಂಡ ಮಿಷಿನ್ನನ್ನು ಹಾಗೇ ಓಡಿಸಬಾರದೆಂಬುದು ಆ ಬೀದಿಯ ಶೆಡ್ಡುಗಳಲ್ಲೆಲ್ಲ ಒಪ್ಪಿಕೊಂಡ ಮಾತು. ಅಂಟಿದ ದೋಷವೆಲ್ಲ ಕಳೆಯಿತು ಎಂದು ಹೇಳಿ ಪೂಜಾರಿ ತೆಂಗಿನಹೋಳು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಹೀಗೆ ಆ ಅಪಘಾತದಲ್ಲಿ ಪಾಲಿದ್ದ ಮೂವರ ಪೈಕಿ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡದ್ದು ಮಿಷಿನ್ನು.

ಎರಡನೆಯವನು ಬೆರಳು ಕಳೆದುಕೊಂಡ ಅಮರಪ್ಪ. ಮೂರನೆಯವನು ಪೆಡಲು ತುಳಿದ ಸಿದ್ರಾಮ.

ಆ ಪ್ರೆಸ್ಸು ಇಬ್ಬರ ಕೆಲಸ. ಒಬ್ಬ ತಗಡನ್ನು ಅಚ್ಚಿನ ಮೇಲಿಟ್ಟು, ಕೈ ಹಿಂದಕ್ಕೆಳೆದು "ಹಾಂ" ಎನ್ನಬೇಕು. ಇನ್ನೊಬ್ಬ ಪೆಡಲು ತುಳಿಯಬೇಕು. ಮೇಲಿನಿಂದ ಕಬ್ಬಿಣದ ದಿಮ್ಮಿ ಇಳಿದು ತಗಡು ಬ್ರಾಕೆಟ್ ಆಗಬೇಕು. ಹೊಸಬರು ಹಾಗೆಯೇ ಮಾಡುತ್ತಾರೆ. ಆದರೆ ಇವರಿಬ್ಬರು ಹೊಸಬರೇ? ಕುಷ್ಟಗಿ ಕಡೆಯಿಂದ ಒಂದೇ ಬಸ್ಸಿನಲ್ಲಿ ಬಂದವರು, ರಾಜಗೋಪಾಲನಗರದ ಒಂದೇ ವಠಾರದಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದವರು. ಇಷ್ಟು ವರ್ಷ ಜೊತೆಗೆ ದುಡಿದ ಮೇಲೂ "ಹಾಂ" ಎನ್ನುವುದು ಅವರಿಗೆ ಮರ್ಯಾದೆ ಕಡಿಮೆ ಅನ್ನಿಸಿತ್ತು. ಅವನ ಕೈ ಹೋಗಿಬರುವ ಲಯ ಇವನ ಕಾಲಿಗೆ ಗೊತ್ತಿತ್ತು. ಶೆಡ್ಡಿಗೆ ಬಂದ ಗಿರಾಕಿಗಳಿಗೆ ಲಕ್ಷ್ಮಣಪ್ಪ ಈ ಜೋಡಿಯನ್ನು ತೋರಿಸಿ, "ನೋಡಿ ಸಾರ್, ಮಾತೇ ಇಲ್ಲ, ಬರೀ ಪ್ರೊಡಕ್ಷನ್ನು" ಎಂದು ಬೀಗುತ್ತಿದ್ದರು. ಆ ದಿನ ಒಂದು ತಗಡು ಸೊಟ್ಟಗೆ ಕೂತಿತು. ಅದನ್ನು ಸರಿಮಾಡಲು ಅಮರಪ್ಪನ ಕೈ ಇನ್ನೊಮ್ಮೆ ಒಳಗೆ ಹೋಯಿತು. ಸಿದ್ರಾಮನ ಕಾಲು ಲಯ ತಪ್ಪಲಿಲ್ಲ.

ಯಾರೂ ಸಿದ್ರಾಮನನ್ನು ಬೈಯಲಿಲ್ಲ. ದೋಷವನ್ನು ಮಿಷಿನ್ನು ಹೊತ್ತುಕೊಂಡಿತ್ತು, ಅದಕ್ಕೆ ಪರಿಹಾರವೂ ಆಗಿಹೋಗಿತ್ತು. ಇನ್ನು ಇವನ ಪಾಲಿಗೆ ಉಳಿಯುವುದಾದರೂ ಏನು?

ಉಳಿದದ್ದು ಬಲಗಾಲು. ಪೂಜೆಯಾದ ಮೇಲೆ ಅಮರಪ್ಪನ ಜಾಗಕ್ಕೆ ಮುನೀಂದ್ರ ಎಂಬವನು ಬಂದು ನಿಂತ. ತಗಡಿಟ್ಟು, ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು, ಬೀದಿಗೆ ಕೇಳುವಷ್ಟು ಜೋರಾಗಿ "ಹಾಂ" ಎಂದ. ಸಿದ್ರಾಮನ ಕಾಲು ಪೆಡಲಿನ ಮೇಲೆ ಗೇಣೆತ್ತರದಲ್ಲಿ ನಿಂತುಬಿಟ್ಟಿತು. ಇಳಿಸೋಣವೆಂದರೆ ಇಳಿಯದು. ಮುನೀಂದ್ರ ಮತ್ತೆ "ಹಾಂ" ಎಂದ, "ತುಳಿ ಗುರು" ಎಂದ, ಕೊನೆಗೆ ಎರಡೂ ಕೈ ಮೇಲೆತ್ತಿ ತೋರಿಸಿದ. ಸಿದ್ರಾಮ ಬೆವರಿನಲ್ಲಿ ತೊಯ್ದು ತೊಡೆಯನ್ನು ಎರಡೂ ಕೈಯಿಂದ ಕೆಳಕ್ಕೆ ಅದುಮಿದ. ಕಾಲು ಒಪ್ಪಲಿಲ್ಲ. ವಿಚಿತ್ರವೆಂದರೆ ಅದೇ ಕಾಲು ನಡೆಯುತ್ತಿತ್ತು, ಬಸ್ಸು ಹತ್ತುತ್ತಿತ್ತು, ವಠಾರದ ಮೆಟ್ಟಿಲನ್ನೂ ಏರುತ್ತಿತ್ತು.

"ಅಲ್ಲ ಕಣೋ, ಕೈ ಹೋಗಿದ್ದು ಅವನ್ದು, ಕಾಲು ಬಿದ್ದಿದ್ದು ನಿಂದಾ?" ಎಂದು ಲಕ್ಷ್ಮಣಪ್ಪ ಕೇಳಿದರು. ಶೆಡ್ಡಿನವರೆಲ್ಲ ನಕ್ಕರು. ನಗುವಂಥ ಮಾತೇ ಅದು, ಸಿದ್ರಾಮನೂ ನಕ್ಕ.

ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕಾಲು ಬಡಿದರು, ಪಾದ ತಿರುವಿದರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ನೋವೆಲ್ಲಿ ಎಂದರು, ಇಲ್ಲ ಎಂದ. ಊತ? ಇಲ್ಲ. ಜೋಮು? ಇಲ್ಲ. "ಮತ್ತೆ ಏನಪ್ಪಾ ನಿಂಗೆ?" "ಪೆಡಲ್ ಮ್ಯಾಲೆ ಇಳಿಯೂದಿಲ್ರೀ." ಡಾಕ್ಟರು ಎಕ್ಸ್‌ರೇಯನ್ನು ಇನ್ನೊಮ್ಮೆ ನೋಡಿದರು. ಮೂಳೆ ನೆಟ್ಟಗಿತ್ತು. ಮೂಳೆಯಲ್ಲಿ ಇಲ್ಲದ್ದು ಮನುಷ್ಯನಲ್ಲೂ ಇಲ್ಲವೆಂಬ ನಂಬಿಕೆಯಿಂದ ಶಕ್ತಿಯ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮನೆಯಲ್ಲಿ ಹೆಂಡತಿ ಚನ್ನಕ್ಕ ಡಾಕ್ಟರನ್ನು ನೆಚ್ಚಿ ಕೂರಲಿಲ್ಲ. ಕಾಲಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಬಿಸಿ ಎಣ್ಣೆ ತಿಕ್ಕಿದಳು, ಪಾದಕ್ಕೆ ಕರಿದಾರ ಕಟ್ಟಿದಳು. ವಠಾರದಲ್ಲಿ ಅಷ್ಟು ಸಿಂಗಾರ ಕಂಡ ಕಾಲು ಇನ್ನೊಂದಿರಲಿಲ್ಲ.

ಪಕ್ಕದ ಮನೆಯಲ್ಲಿ ಅಮರಪ್ಪ ಮದುಮಗನ ಹಾಗೆ ಕೂತಿದ್ದ. ಬರುವವರೆಲ್ಲ ಬ್ರೆಡ್ಡು, ಮೋಸಂಬಿ ತರುತ್ತಿದ್ದರು. ಅವನು ಬ್ಯಾಂಡೇಜ್ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕತೆ ಹೇಳುತ್ತಿದ್ದ, ನಗಿಸುತ್ತಿದ್ದ. "ಎಂಟು ಉಳದಾವಲ್ಲಪಾ, ರೊಟ್ಟಿ ಮುರಿಯಾಕ ಸಾಕು" ಎನ್ನುತ್ತಿದ್ದ. ಎಂಥಾ ಗಟ್ಟಿ ಗಂಡಸು ಎಂದು ಜನ ತಲೆದೂಗಿ ಹೋಗುತ್ತಿದ್ದರು. ಸಿದ್ರಾಮ ಬಾಗಿಲಲ್ಲಿ ಕಂಡರೆ ಸಾಕು, ನಾಲ್ಕು ಜನರ ಎದುರಿಗೇ ಕೂಗಿ ಹೇಳುತ್ತಿದ್ದ: "ಬಾರೋ, ಬಾ. ನಿಂದೇನೂ ತಪ್ಪಿಲ್ಲ ಬಿಡು!"

ಹಾಗೆ ಕೂಗಿ ಕೊಟ್ಟ ಕ್ಷಮೆಯನ್ನು ಎಲ್ಲಿಡಬೇಕೆಂದು ಸಿದ್ರಾಮನಿಗೆ ತಿಳಿಯುತ್ತಿರಲಿಲ್ಲ. ಒಂದು ಸಲ, ಒಂದೇ ಸಲ, ಅಮರಣ್ಣ ನನ್ನನ್ನು ಬಾಯಿಗೆ ಬಂದಂತೆ ಬೈದುಬಿಟ್ಟರೆ ಈ ಕಾಲು ನೆಲಕ್ಕೆ ಬಂದೀತು ಎಂದು ಅವನಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಆದರೆ ಬೆರಳು ಹೋದವನ ಮುಂದೆ ಕೂತು ನನಗೂ ಏನೋ ಆಗಿದೆ ಎಂದು ಹೇಗೆ ಹೇಳುವುದು? ತೋರಿಸಲು ಒಂದು ಗೀರಾದರೂ ಬೇಡವೇ? ಮೋಸಂಬಿ ಸುಲಿದು ಕೊಟ್ಟು ಎದ್ದು ಬರುತ್ತಿದ್ದ.

ಅಷ್ಟು ದಿನ ಅವನನ್ನು ಕಸ ಗುಡಿಸಲು, ಬ್ರಾಕೆಟ್ಟು ಎಣಿಸಲು ಹಾಕಿದ್ದ ಲಕ್ಷ್ಮಣಪ್ಪನವರ ತಾಳ್ಮೆ ಕೊನೆಗೂ ಮುಗಿಯಿತು. ಸೋಮವಾರ ಪೆಡಲು ತುಳಿದರೆ ಕೆಲಸ, ಇಲ್ಲದಿದ್ದರೆ ಊರು ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಉಪಾಯವನ್ನೂ ತಾವೇ ಯೋಚಿಸಿದ್ದರು: ಗಾಯ ಒಣಗಿದ ಅಮರಪ್ಪನನ್ನೇ ಕರೆಸಿ ಮಿಷಿನ್ನಿನ ಮುಂದೆ ನಿಲ್ಲಿಸುವುದು. ಹೇಗೂ ಅವನಿಗೆ ಶೆಡ್ಡಿನ ಗೇಟಿನಲ್ಲಿ ಕೂರುವ ಕೆಲಸ ಕೊಡಬೇಕೆಂದಿದ್ದರು. ತುಳಿ ಎಂದು ಅವನೇ ಬಾಯಿಬಿಟ್ಟು ಹೇಳಿದರೆ ಇವನ ಭ್ರಾಂತಿ ಬಿಡುತ್ತದೆ ಎಂಬುದು ಅವರ ಲೆಕ್ಕ.

ಸೋಮವಾರ ಅಮರಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದ. ಎಲ್ಲರಿಗೂ ಮೂರು ಬೆರಳಿನ ಕೈಯಲ್ಲೇ ನಮಸ್ಕಾರ ಮಾಡಿದ, ನಗಿಸಿದ. ತನ್ನ ಹಳೆಯ ಜಾಗದಲ್ಲಿ ನಿಂತು ಎಡಗೈಯಿಂದ ತಗಡು ಎತ್ತಿಕೊಂಡ. ಸಿದ್ರಾಮ ಸ್ಟೂಲಿನ ಮೇಲೆ ಕೂತು ಕಾಲು ಎತ್ತಿದ.

"ತುಳಿಯೋ ತಮ್ಮಾ, ನಿಂದೇನೂ ತಪ್ಪಿ..." ಎಂದು ಅಮರಪ್ಪ ಶುರುಮಾಡಿದ.

ಅದೇ ಹೊತ್ತಿಗೆ ಪಕ್ಕದ ಪ್ರೆಸ್ಸು ಧಡಲ್ಲನೆ ಇಳಿಯಿತು. ಅದು ದಿನವೂ ಇಳಿಯುವ ಪ್ರೆಸ್ಸು. ಯಾರೂ ತಿರುಗಿ ನೋಡುವಂಥದ್ದಲ್ಲ. ಆದರೆ ಅಮರಪ್ಪನ ಕೈಯಿಂದ ತಗಡು ಜಾರಿ ಬಿತ್ತು. ಎರಡೂ ಕೈಯನ್ನು ಕಂಕುಳಲ್ಲಿ ಹುದುಗಿಸಿಕೊಂಡು ಅವನು ಗೋಡೆಗೆ ಹೋಗಿ ಒರಗಿದ. ಮುಖ ಬೂದಿಯಾಗಿತ್ತು.

"ಕಾಲ್ ತಗೀಲೇ!" ಎಂದು ಕಿರುಚಿದ. "ತಗಿ ಕಾಲು! ಕಣ್ಣ್ ಎಲ್ಲಿಟ್ಟಿದ್ದಿ ಅವತ್ತು? ನನ್ನ ಕೈ ಒಳಗೈತಿ ಅಂತ ಕಾಣಲಿಲ್ಲೇನು ನಿನಗ? ನಾನೇನು ತಗಡೇನಲೇ?"

ಅಮರಪ್ಪ ಗೋಡೆಗುಂಟ ಜಾರಿ ನೆಲಕ್ಕೆ ಕುಸಿದು ಗಡಗಡ ನಡುಗುತ್ತಿದ್ದ. ಅಷ್ಟು ದಿನ ಜನರೆದುರು ನಕ್ಕದ್ದೆಲ್ಲ ಈಗ ಅಳುವಾಗಿ ಬರುತ್ತಿತ್ತು. ಸಿದ್ರಾಮನ ಕಾಲು ತಾನಾಗಿಯೇ ಇಳಿದು ಪೆಡಲಿನ ಪಕ್ಕದಲ್ಲಿ ನೆಲ ಮುಟ್ಟಿತ್ತು. ಅದನ್ನು ಮೊದಲು ಕಂಡವರು ಲಕ್ಷ್ಮಣಪ್ಪ.

"ಇಳೀತು ನೋಡ್ರೋ! ಹೇಳಿದ್ನಾ ಇಲ್ವಾ? ಸರಿಹೋಯ್ತು. ಮುನೀಂದ್ರ, ಬಾ, ತಗಡು ಇಡು." ಆಮೇಲೆ ನೆಲದ ಕಡೆ ನೋಡಿ, "ಏ ಅಮರಪ್ಪ, ನಿಂಗೇನಾಯ್ತೋ? ಗಾಯ ಒಣಗೈತಲ್ಲ" ಎಂದರು.

ಸಿದ್ರಾಮ ಸ್ಟೂಲು ಬಿಟ್ಟೆದ್ದ. ಸೀದಾ ಗೋಡೆಯ ಬಳಿ ಹೋಗಿ ಶೆಡ್ಡಿನ ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಮಿಷಿನ್ನುಗಳೆಲ್ಲ ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಅಮರಪ್ಪನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಪ್ರೆಸ್ಸುಗಳ ಸಾಲಿನ ನಡುವೆ ಬಾಗಿಲ ಕಡೆ ನಡೆಸಿಕೊಂಡು ಹೊರಟ.

"ಲೋ, ಸ್ವಿಚ್ಚು ಯಾಕೋ ಮುಟ್ಟಿದೆ? ಈಗ ಹೋದ್ರೆ ಇನ್ನು ಬರ್ಬೇಡ ನೋಡು! ಕಾಲು ಸರಿಯಾದ್ಮೇಲೆ ಏನೋ ನಿಂಗೆ ರೋಗ?" ಲಕ್ಷ್ಮಣಪ್ಪ ಬಾಗಿಲ ತನಕ ಕೂಗಿಕೊಂಡು ಬಂದರು. ಸಿದ್ರಾಮನಿಗೆ ಕೇಳಿಸಿತು. ಆ ಸಂಬಳವಿಲ್ಲದೆ ಮುಂದಿನ ತಿಂಗಳು ಏನೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ತಿರುಗಿ ನೋಡಲಿಲ್ಲ.

ರಸ್ತೆಯಲ್ಲಿ ಮೆಟ್ರೋ ಕಂಬಗಳ ಧೂಳು ಎದ್ದಿತ್ತು. ಅಮರಪ್ಪ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಆಡಬಾರದ್ದು ಆಡಿಬಿಟ್ಟೆನೇನೋ ಎಂಬ ಸಂಕೋಚ ಅವನ ಮುಖದಲ್ಲಿತ್ತು.

"ಸಿಟ್ಟು ಮಾಡ್ಕೋಬ್ಯಾಡಪಾ. ಬಾಯಿಗೆ ಬಂದ್ಬಿಡ್ತು."

"ಅಷ್ಟೇನು ಅಮರಣ್ಣ?" ಎಂದ ಸಿದ್ರಾಮ. "ಇನ್ನಾ ಐತೇನು?"

ಅಮರಪ್ಪ ನಿಂತು ಅವನ ಮುಖ ನೋಡಿದ. ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದ: "ಭಾಳ ಐತಿ."

"ಹಂಗಾರ ಬೈ. ಎಲ್ಲಾ ಬೈದುಬಿಡು."

ಅಮರಪ್ಪ ಶುರು ಹಚ್ಚಿಕೊಂಡ. ಮೊದಲು ಬೆರಳು ಹೋದದ್ದಕ್ಕೆ ಬೈದ, ಆಮೇಲೆ ಸಿದ್ರಾಮನ ಕಾಣದ ಕಣ್ಣಿಗೆ, ಪ್ರತಿದಿನ ಬಂದು ಮೋಸಂಬಿ ಸುಲಿದುಕೊಟ್ಟು ಮುಖ ಕೊಡದೆ ಎದ್ದು ಹೋಗಿದ್ದಕ್ಕೆ. ಅಷ್ಟು ಸಾಲದೆ ಎಂದೋ ತನ್ನ ಚಪ್ಪಲಿ ಮೆಟ್ಟಿಕೊಂಡು ಹೋದ ಹಳೆಯ ಸಂಗತಿಗೂ ಬೈದ. ಬಸ್‌ಸ್ಟಾಪಿನಲ್ಲಿದ್ದವರು ಇವರಲ್ಲಿ ಹೊಡೆದಾಟವೇ ಆದೀತೆಂದು ದೂರ ಸರಿದು ನಿಂತರು. ಸಿದ್ರಾಮ ಒಂದು ಮಾತನ್ನೂ ಬಿಡದಂತೆ ಕೇಳಿಸಿಕೊಳ್ಳುತ್ತಿದ್ದ. ಅವರ ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಹತ್ತಲಿಲ್ಲ, ಬೈಯುವುದು ಇನ್ನೂ ಮುಗಿದಿರಲಿಲ್ಲ.