ಸೂಜಿ ತಾಕದ ನರುಲಿ

ತೆಲುಗು ನಾಡಿಗೆ ಬಂದು ಕಾಚಿಗೂಡ ಸ್ಟೇಷನ್ ಹತ್ತಿರ ಬಳೆ ಅಂಗಡಿ ಇಟ್ಟುಕೊಂಡಿದ್ದ ಗುರುಬಾಯಿಗೆ ಬಲಗೈ ತುಂಬ ನರುಲಿ ಎದ್ದವು. ಹೆಬ್ಬೆರಳ ಬುಡದಲ್ಲಿ ಒಂದು ದೊಡ್ಡದು, ಬೆರಳ ಸಂದುಗಳಲ್ಲಿ ಸಣ್ಣವು. ಎಡಗೈಗೂ ಒಂದೆರಡು ಹಬ್ಬಿದವು. ಬಳೆ ತೊಡಿಸುವವಳು ಗಿರಾಕಿಯ ಕೈ ಹಿಡಿಯಲೇಬೇಕು, ಹಿಸುಕಲೇಬೇಕು. ಹೆಂಗಸರು ಕೂರುತ್ತಿದ್ದರು, ಅವಳ ಬೆರಳು ನೋಡುತ್ತಿದ್ದರು, ಮನೆಯಲ್ಲೇ ಹಾಕಿಕೊಳ್ಳುತ್ತೇವೆಂದು ತೆಲುಗಿನಲ್ಲಿ ಹೇಳಿ ಬಳೆ ಕಟ್ಟಿಸಿಕೊಂಡು ಎದ್ದುಹೋಗುತ್ತಿದ್ದರು.

ಸುಣ್ಣ ಹಚ್ಚಿದಳು. ಕೂದಲಿನಿಂದ ಬಿಗಿದು ಕಟ್ಟಿದಳು. ಒಂದು ಕಡೆ ಸುಡಿಸಿಕೊಂಡೂ ಬಂದಳು. ಸುಟ್ಟ ಜಾಗದಲ್ಲೇ ಮತ್ತೆ ಎದ್ದವು.

ಕೊನೆಗೆ ಗಂಡ ಹುಲಗೇಶ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಚರ್ಮದ ಡಾಕ್ಟರು ಮಧುರಾ ಮೈಸೂರಿನವರು. ಕನ್ನಡ ಕಿವಿಗೆ ಬಿದ್ದದ್ದೇ ಗುರುಬಾಯಿಯ ಅರ್ಧ ಭಯ ಇಳಿಯಿತು.

"ನೋಡಿಮ್ಮ, ಇದು ವೈರಸ್‌ನಿಂದ ಬರೋದು. ಚರ್ಮದ ಮೇಲ್ಪದರದಲ್ಲೇ ಸದ್ದಿಲ್ಲದೆ ಕೂತಿರುತ್ತೆ, ಮೈಗೆ ಗೊತ್ತೇ ಆಗಲ್ಲ. ಮಕ್ಕಳಿಗೆ ಹಾಕೋ ದಡಾರದ ಲಸಿಕೇನ ಈ ದೊಡ್ಡ ನರುಲಿಯೊಳಗೆ ಚುಚ್ತೀನಿ. ಅದನ್ನ ಕಂಡು ನಿಮ್ಮ ಮೈ ಎಚ್ಚರವಾಗುತ್ತೆ. ರಕ್ತದ ಬಿಳಿಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ಕೊಂಡು ಅಲ್ಲಿಗೆ ಬರ್ತವೆ. ಆಗ ಅಲ್ಲಿ ಅಡಗಿರೋ ಇದೂ ಸಿಕ್ಕಿಬೀಳುತ್ತೆ."

"ಮತ್ತ ಉಳಿದವಕ್ಕರಿ?"

"ಅವಕ್ಕೆ ಸೂಜಿ ಬೇಡ. ಒಂದ್ಸಲ ಗುರುತು ಸಿಕ್ಕಿದ್ಮೇಲೆ ಮೈಯೇ ಹುಡುಕ್ಕೊಂಡು ಹೋಗುತ್ತೆ. ಎಲ್ರಿಗೂ ಫಲ ಕೊಡುತ್ತೆ ಅಂತ ಹೇಳಲಾರೆ. ನೋಡೋಣ."

ಸೂಜಿ ಮುಗಿದು ಹೊರಗೆ ಬರುತ್ತ ಹುಲಗೇಶ, "ಒಂದಕ್ಕ ಚುಚ್ಚಿದ್ರ ಎಲ್ಲಾ ಹೋಗ್ತಾವಂತ. ಹೆಂಗ ನಂಬ್ತಿ ನೀ?" ಎಂದ.

"ಸುಣ್ಣಾನೂ ನಂಬಿದ್ವಿ. ಇದನ್ನೂ ನಂಬೂಣು ತಗೋರಿ."

ಮರುದಿನ ಸಣ್ಣ ಜ್ವರ ಬಂದು ಹೋಯಿತು. ಡಾಕ್ಟರು ಹೇಳಿದಂತೆ ಗ್ಲೌಸ್ ಹಾಕಿಕೊಂಡು ಬಳೆ ತೊಡಿಸಿದಳು. ಗಿರಾಕಿಯ ಕೈಯ ಎಲುಬಿನ ಅಂದಾಜು ಬೆರಳಿಗೆ ಸಿಗದೆ ಒಂದಷ್ಟು ಗಾಜಿನ ಬಳೆ ಒಡೆದವು. ಎರಡನೆಯ ಸೂಜಿಯೂ ಆಯಿತು.

ಕೆಲವು ವಾರ ಕಳೆದ ಮೇಲೆ ಪಾತ್ರೆ ತಿಕ್ಕುವಾಗ ಕಪ್ಪಗೆ ಒಣಗಿದ್ದ ಎಡಗೈ ಕಿರುಬೆರಳಿನ ನರುಲಿ ಉದುರಿತು. ಗುರುಬಾಯಿ ಬಾಗಿಲ ಬೆಳಕಿಗೆ ಬಂದು ಬೆರಳು ತಿರುಗಿಸಿ ತಿರುಗಿಸಿ ನೋಡಿದಳು.

"ಇಲ್ ನೋಡ್ರಿ. ಇದಕ್ಕ ಸೂಜಿ ತಾಕೇ ಇಲ್ಲ. ಮೈ ತಾನ ಮಾಡೈತಿ."

ಹುಲಗೇಶ ಬೆರಳು ಸವರಿ ನೋಡಿದ. "ಭಾಳ ನುಣ್ಣಗ ಆಗೇತಿ ಬಿಡು," ಎಂದ.

ಶ್ರಾವಣದ ಗಿರಾಕಿ ಕೂಡುವ ಹೊತ್ತಿಗೆ ಎರಡೂ ಕೈ ನುಣುಪಾದವು. ಮತ್ತೆ ಆಸ್ಪತ್ರೆಗೆ ಹೋದಾಗ ಮಧುರಾ ಅವಳ ಅಂಗೈ ಹಿಡಿದು, ಒಂದೊಂದೇ ಬೆರಳು ಬಿಡಿಸಿ ನೋಡಿದರು. ದಿನವೆಲ್ಲ ಬೇರೆಯವರ ಕೈ ಹಿಡಿಯುವವಳಿಗೆ, ತನ್ನ ಕೈಯನ್ನು ಇನ್ನೊಬ್ಬರು ಹಾಗೆ ಹಿಡಿದದ್ದು ಹಿತವೆನಿಸಿತು. ಡಾಕ್ಟರು ಬಿಡುವವರೆಗೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.