ಕಾಡಿನ ಘಮದ ಅಂಚೆಚೀಟಿ

ಅಂಚೆಚೀಟಿ ಅಚ್ಚಾಗುವ ಮುದ್ರಣಾಲಯದಲ್ಲಿ ಅವಳು ಚಿತ್ರಗಾರ್ತಿ. ಕಾಡಿನ ಮಹತ್ವ ಸಾರುವ ಹೊಸ ಚೀಟಿಗಾಗಿ ಮರ, ಬಳ್ಳಿ, ಜಿಂಕೆ, ಹೂವುಗಳನ್ನೆಲ್ಲ ಹೆಬ್ಬೆರಳಗಲದ ಜಾಗದಲ್ಲಿ ಬರೆದು ಮುಗಿಸಿದ್ದಳು. ಅಷ್ಟರಲ್ಲಿ ಮ್ಯಾನೇಜರರಿಗೆ ಹುಕಿ ಬಂತು.

"ಚೀಟಿ ಉಜ್ಜಿದ್ರೆ ಕಾಡಿನ ವಾಸನೆ ಬರ್ಬೇಕು. ಶಾಯಿಗೆ ಘಮ ಬೆರೆಸೋರು ಯಾರಾದ್ರೂ ಗೊತ್ತಾ?"

ಗೊತ್ತಿತ್ತು. ಸೋಪಿನ ಕಾರ್ಖಾನೆಯಲ್ಲಿ ಸುಗಂಧ ತಯಾರಿಸುವ ಅವಳ ನಾದಿನಿ! "ನಿನ್ನ ಸೆಂಟು ಒಳ್ಳೇ ಫಿನೈಲ್ ಥರ ಇದೆ" ಎಂದು ಇವಳು ನೆಂಟರೆದುರು ತಮಾಷೆ ಮಾಡಿದ ದಿನದಿಂದ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಏನಿದ್ದರೂ ಗಂಡನ ಮುಖಾಂತರ ಮಾತು. ಅವನ ಪಾಡು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯದು.

ಬೇರೆ ದಾರಿಯಿಲ್ಲದೆ ಅವಳೇ ಹೋಗಿ ಕೇಳಿದಳು. ನಾದಿನಿ ಬಿಗಿದ ಮುಖದಲ್ಲೇ ಒಪ್ಪಿ, ವಾರ ಕಳೆದ ಮೇಲೆ ಪುಟ್ಟ ಸೀಸೆಯೊಂದನ್ನು ತಂದು ಮ್ಯಾನೇಜರರ ಮುಂದಿಟ್ಟಳು.

ಅವರು ಮೂಸಿ ನೋಡಿ, "ಚೆನ್ನಾಗಿದೆ. ಆದ್ರೆ ಈಗ ತಾನೇ ಸ್ನಾನ ಮಾಡಿ ಬಂದ ಕಾಡು" ಎಂದರು.

ನಾದಿನಿಯ ಮುಖ ಚಿಕ್ಕದಾಯಿತು. ಅತ್ತಿಗೆಗೆ ಯಾಕೋ ನಗು ಬರಲಿಲ್ಲ.

"ತಪ್ಪು ನನ್ನದೂ ಇದೆ ಸಾರ್. ನಾನು ಬರೆದಿರೋದು ಪಾರ್ಕು, ಕಾಡಲ್ಲ. ನಾವಿಬ್ರೂ ಒಮ್ಮೆ ಹೋಗಿ ನೋಡ್ಕೊಂಡು ಬರ್ತೀವಿ."

ಬಸ್ಸಿನಲ್ಲಿ ಒಬ್ಬಳು ಕಿಟಕಿ ನೋಡಿದಳು, ಇನ್ನೊಬ್ಬಳು ಕಂಡಕ್ಟರನ ಬೆನ್ನು ನೋಡಿದಳು. ಕಾಡಿನೊಳಗೆ ಹೊಕ್ಕ ಸ್ವಲ್ಪ ಹೊತ್ತಿಗೆ ನಾದಿನಿ, ಉರುಳಿಬಿದ್ದ ಹಳೆಯ ಮರವೊಂದರ ಪಕ್ಕ ದಢಕ್ಕನೆ ಬೋರಲು ಮಲಗಿಬಿಟ್ಟಳು.

"ಅಯ್ಯೋ, ಏನಾಯ್ತೇ?"

"ಮಾತಾಡ್ಬೇಡಿ ಅತ್ತಿಗೆ, ಇಲ್ಲಿ ಮೂಗಿಡಿ!"

ಅವಳೂ ಸೀರೆ ಎತ್ತಿಕಟ್ಟಿ ಪಕ್ಕದಲ್ಲೇ ಮಲಗಿದಳು. ತೇವದ ಮಣ್ಣು, ಕೊಳೆತ ಎಲೆ, ಅಣಬೆ, ಎಲ್ಲ ಬೆರೆತ ತಂಪು ವಾಸನೆ. ಲಡ್ಡು ಹಿಡಿದ ತೊಗಟೆಯ ಬಿರುಕಿನಲ್ಲಿ ಎರಡೆಲೆಯ ಸಸಿಯೊಂದು ತಲೆಯೆತ್ತಿತ್ತು.

"ಸತ್ತ ಮರ ಮರಿಗೆ ಹಾಲು ಕುಡಿಸ್ತಿದೆ ನೋಡಿ" ಎಂದಳು ನಾದಿನಿ.

ಅತ್ತ ಬಂದ ಕಾಡಿನ ಕಾವಲುಗಾರ ಗಾಬರಿಯಿಂದ, "ಏನಮ್ಮಾ, ಕಿವಿ ಓಲೆ ಕಳ್ಕೊಂಡ್ರಾ?" ಎಂದ. ಇಬ್ಬರೂ ಮಣ್ಣು ಮೆತ್ತಿದ ಮೂಗುಗಳನ್ನು ಎತ್ತಿದರು. ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮರಳುವಾಗ ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಮಾತು.

ಚಿತ್ರಗಾರ್ತಿ ಜಿಂಕೆ, ಹೂವುಗಳನ್ನು ಅಳಿಸಿ, ಬಿದ್ದ ಮರವನ್ನೂ ಸಸಿಯನ್ನೂ ಬರೆದಳು. ನಾದಿನಿಯ ಎರಡನೆಯ ಸೀಸೆ ಮೂಸಿದ ಮ್ಯಾನೇಜರರು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

ಚೀಟಿ ಬಿಡುಗಡೆಯಾದ ದಿನ ಅಂಚೆ ಕಚೇರಿಯ ಸಾಲು ಮುಂದೆ ಸರಿಯಲೇ ಇಲ್ಲ. ಕೊಂಡವರು ಅಲ್ಲೇ ನಿಂತು ಉಜ್ಜುತ್ತ ಮೂಸುತ್ತಿದ್ದರು. ಅಜ್ಜಿಯೊಬ್ಬರು, "ಇದನ್ನ ಅಂಟಿಸಿ ಕಳಿಸೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದು ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡರು.

ಮ್ಯಾನೇಜರರು ಉಬ್ಬಿಹೋಗಿ, "ಮುಂದಿನದು ಸಮುದ್ರ!" ಎಂದರು.

"ಉಪ್ಪುಗಾಳಿ ಸಾಕು" ಎಂದಳು ಅತ್ತಿಗೆ.

"ಮೀನಿಲ್ಲದ ಸಮುದ್ರ ಎಲ್ಲಾದ್ರೂ ಉಂಟಾ?" ಎಂದಳು ನಾದಿನಿ.

ಜಗಳವಾಡುತ್ತಲೇ ಇಬ್ಬರೂ ಕೈ ಹಿಡಿದುಕೊಂಡು ಕಾಫಿ ಕುಡಿಯಲು ಹೊರಟರು.